ದೋಣಿಯ ಮೇಲೆ ಸೆಲೂನು ಕುರ್ಚಿ

"ಬರೋ ಭಾನುವಾರ ಮಾವನ್ನ ಹೊಳೆ ಮೇಲೆ ಮಹಾರಾಜರ ಥರ ಕೂರಿಸ್ತೀನಿ, ನೋಡ್ತಾ ಇರು!" ಎಂದು ಶಿವಮೂರ್ತಿ ಹೆಂಡತಿಯ ಮುಂದೆ ಘೋಷಿಸಿದ.

"ಮಹಾರಾಜ ಬ್ಯಾಡ, ನೀರಿಗೆ ಬೀಳ್ದಂಗೆ ಕೂರ್ಸಿ ಸಾಕು," ಎಂದಳು ಮುದ್ದಮ್ಮ ಅವರೆಕಾಯಿ ಸುಲಿಯುತ್ತಾ.

ನಂಜನಗೂಡಿನಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದ ಶಿವಮೂರ್ತಿಗೆ ದೋಣಿಯ ಹುಚ್ಚು ಹತ್ತಿದ್ದು ಮಾವನ ದೆಸೆಯಿಂದ. ಮುದ್ದಮ್ಮನ ಅಪ್ಪ ಗೋವಿಂದಯ್ಯ ಐವತ್ತು ವರ್ಷ ಹರಿಗೋಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಪಿಲೆಯ ಮೀನು ಹಿಡಿದವರು. ಈಗ ಮಂಡಿ ಮಡಚಲು ಬಾರದೆ, ಮಗಳ ಮನೆಯ ಜಗಲಿಯಲ್ಲಿ ಕೂತು ಬೀದಿಯನ್ನೇ ಹೊಳೆಯೆಂದುಕೊಂಡು ನೋಡುತ್ತಿದ್ದರು. ಊಟವೂ ಅರ್ಧಕ್ಕಿಳಿದಿತ್ತು. ಅದನ್ನು ಕಂಡು ಅಳಿಯನ ಕರುಳು ಚುರುಕ್ಕೆಂದಿತು. ಇಂಥ ಅಳಿಯ ಸುತ್ತ ಏಳು ಹಳ್ಳಿ ಹುಡುಕಿದರೂ ಸಿಗಲಾರ!

ಟಿ. ನರಸೀಪುರದಿಂದ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಲಗೇಜ್ ಆಟೊದಲ್ಲಿ ಹೇರಿಸಿ ಹಿತ್ತಲಿಗೆ ತಂದ. ಮಾದಪ್ಪನ ಸೆಲೂನಿನಲ್ಲಿ ಮೂಲೆ ಸೇರಿದ್ದ ತಿರುಗುವ ಕುರ್ಚಿ, ಗಾಳದ ಕೋಲು ಸಿಕ್ಕಿಸಲು ಪೈಪು, ಬಿಸಿಲಿಗೆ ಛತ್ರಿ, ವಾರ್ತೆಗೆ ಟ್ರಾನ್ಸಿಸ್ಟರು! ಇಷ್ಟನ್ನೂ ದೋಣಿಯ ಮುಂಭಾಗ ಮುಚ್ಚಿದ್ದ ತಗಡಿನ ಡೆಕ್ಕಿಗೆ ಬಿಗಿದು, ಪುಷ್ಪಕ ವಿಮಾನ ಸಿದ್ಧವಾಯಿತೆಂದು ತಾನೇ ಮೊದಲು ಏರಿ ಕೂತ. ಡೆಕ್ಕಿನ ತಗಡು ಊಟದ ಡಬ್ಬಿಯ ಮುಚ್ಚಳದಷ್ಟು ತೆಳು. ಡೊಂಯ್ಕೆಂದು ಒಳಕ್ಕೆ ಬಗ್ಗಿತು! ಕುರ್ಚಿ ಹಿಂದಕ್ಕೆ ವಾಲಿ, ಶಿವಮೂರ್ತಿ ಆಕಾಶ ನೋಡುತ್ತಾ ಮಲಗಿದ.

"ಗಡ್ಡಕ್ಕೆ ಸೋಪು ತರ್ಲಾ?" ಎಂದು ಮುದ್ದಮ್ಮ ಕೇಳಿದಳು.

"ನಗು ನಗು! ಆನೆ ಬಂದು ಕೂತ್ರೂ ಅಲುಗಬಾರದು, ಹಂಗೆ ಮಾಡ್ತೀನಿ!"

ತಗಡಿನ ಕೆಳಗೆ ದಪ್ಪ ಮರ ಕೊಟ್ಟರೆ ಭಾರ ಎರಡೂ ಅಂಚಿಗೆ ಹಂಚಿಹೋಗುತ್ತದೆ ಎಂದು ಅವನ ತಲೆಗೆ ಹೊಳೆಯಿತು. ಮರ ಹುಡುಕುತ್ತಾ ಹೋದವನ ಕಣ್ಣಿಗೆ ಹಿತ್ತಲ ನಲ್ಲಿಯ ಹತ್ತಿರ ಹಳೆಯ ಹೊಸ್ತಿಲು ಬಿತ್ತು. ಎರಡು ವರ್ಷದ ಹಿಂದೆ ಮನೆಗೆ ಹೊಸ ಬಾಗಿಲು ಇಡಿಸಿದಾಗ ಕಿತ್ತುಹಾಕಿದ್ದು. ಹೊನ್ನೆ ಮರ, ಮೂರೂವರೆ ಅಡಿ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು! ಮರಕ್ಕೂ ತಗಡಿಗೂ ನಡುವೆ ಸೈಕಲ್ ಟ್ಯೂಬು ಹಾಸಿದ. ಅಗಲದ ವಾಷರು ಕೊಟ್ಟು ಎಂಟು ಬೋಲ್ಟು ಬಿಗಿದ. ನಟ್ಟು ಸಡಿಲವಾಗದಿರಲೆಂದು ಬೋಲ್ಟುಗಳ ತುದಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ.

"ಇನ್ನು ಬ್ರಹ್ಮ ಬಂದ್ರೂ ಬಿಚ್ಚೋಕಾಗಲ್ಲ!"

ಕೆಲಸ ಅಂದರೆ ಕೆಲಸ! ಡೆಕ್ಕಿನ ಮೇಲೆ ನಿಂತು ಕುಣಿದ. ದೋಣಿ ಅಲುಗಿತೇ ಹೊರತು ಡೆಕ್ಕು ಕಿರ್ರೆನ್ನಲಿಲ್ಲ.

"ರೀ, ನಲ್ಲಿ ಹತ್ರ ಇದ್ದ ಮರ ಎಲ್ಲೋಯ್ತು?" ಎಂದು ಮುದ್ದಮ್ಮ ಎರಡು ಸಲ ಕೇಳಿದಳು.

"ಮರಗಿರ ಎಲ್ಲ ಕೇಳ್ಬೇಡ. ಇಲ್ಲಿ ಎಂಜಿನಿಯರಿಂಗ್ ನಡೀತಾ ಐತೆ!"

ಭಾನುವಾರ ದೋಣಿ ಮತ್ತೆ ಆಟೊ ಏರಿ ಕಪಿಲೆಯ ದಡ ಸೇರಿತು. ಗೋವಿಂದಯ್ಯ ಬೆಳ್ಳಗೆ ಒಗೆದ ಪಂಚೆಯುಟ್ಟು, ಹಳೆಯ ಗಾಳ ಹಿಡಿದು ಹೊಳೆಗೆ ಬಂದರು. ವರ್ಷದಿಂದ ಕಾಣದಿದ್ದ ನಗು ಮುಖದಲ್ಲಿತ್ತು. ಆದರೆ ದೋಣಿ ಕಂಡ ಬೆಸ್ತರ ಕೈ ಸುಮ್ಮನಿರುತ್ತದೆಯೇ? ಹತ್ತುವ ಮೊದಲು ಡೆಕ್ಕಿನ ಅಡಿಯನ್ನೊಮ್ಮೆ ತಡವಿದರು. ಕೈ ಥಟ್ಟನೆ ನಿಂತಿತು.

"ಇದೇನಪ್ಪ, ಊವ ಕೆತ್ತೈತೆ? ಒಸ್ಲಲ್ವಾ ಇದು?"

"ಹೌದು ಮಾವ, ಗಟ್ಟಿ ಮರ..."

"ಒಸ್ಲ ಮ್ಯಾಲೆ ಯಾರಾರ ಕೂತ್ಕಂಡಾರಾ? ಲಕ್ಷ್ಮಿ ಇರೋ ಜಾಗ ಕಣಪ್ಪ! ನಾ ಕೂರಾಕಿಲ್ಲ!"

"ಒಂದ್ನಿಮಿಷ, ಬಿಚ್ಚಿಬಿಡ್ತೀನಿ!" ಶಿವಮೂರ್ತಿ ಸ್ಪ್ಯಾನರು ಹಾಕಿ ಎಳೆದ. ತಿರುಚಿದ. ನೇತಾಡಿದ. ಸ್ಪ್ಯಾನರು ಜಾರಿ ಕಪಿಲೆಯ ಪಾಲಾಯಿತು. ಬ್ರಹ್ಮನಿಗೂ ಬಿಚ್ಚಲಾಗದ್ದನ್ನು ಶಿವಮೂರ್ತಿ ಬಿಚ್ಚಿಯಾನೇ? ಮುದುಕರು ಗಾಳದ ದಾರ ಸುತ್ತತೊಡಗಿದರು. ಅದನ್ನು ನೋಡಿ ಅಳಿಯನಿಗೆ ಅಳುವೇ ಬಂತು.

ಆಗ ಮುದ್ದಮ್ಮ ಮುಂದೆ ಬಂದಳು. ಅವಳ ಕಂಕುಳಲ್ಲಿ ದೊಡ್ಡದೊಂದು ಬಟ್ಟೆಗಂಟು.

"ಅಪ್ಪಾ, ಒಸ ಬಾಗ್ಲು ಇಟ್ಟ ದಿನವೇ ಪೂಜೆ ಮಾಡಿ ಲಕ್ಷ್ಮೀನ ಒಸ ಒಸ್ಲಿಗೆ ಕರ್ಕೊಂಡಾಯ್ತು. ಇದು ಈಗ ಬರೀ ಮರ."

"ಅಂಗಂತ ಯಾರೇಳಿದ್ರು?"

"ಎರಡು ವರ್ಸದಿಂದ ಇದ್ರ ಮ್ಯಾಲೇ ಕೂತ್ಕಂಡು ನಿನ್ ಪಂಚೆ ಒಗೀತಾ ಇವ್ನಿ. ನಂಗೇನಾರ ಆಯ್ತಾ?"

ಗೋವಿಂದಯ್ಯ ಮಗಳನ್ನು ನೋಡಿದರು, ತಮ್ಮ ಬಿಳಿ ಪಂಚೆಯನ್ನು ನೋಡಿದರು. ಆಮೇಲೆ ಅಳಿಯನ ಹೆಗಲು ಹಿಡಿದು ಹತ್ತಿ ಕೂತೇಬಿಟ್ಟರು! ಕುರ್ಚಿಯನ್ನು ಒಂದು ಸುತ್ತು ತಿರುಗಿಸಿ, ಹುಡುಗರಂತೆ ನಕ್ಕು, ಗಾಳ ಎಸೆದರು. ಎಂಥ ಹೆಣ್ಣು! ಎಂಟು ಬೋಲ್ಟು ಕೆಡಿಸಿದ್ದನ್ನು ಎರಡೇ ಮಾತಿನಲ್ಲಿ ನೆಟ್ಟಗೆ ಮಾಡಿದಳು. ಶಿವಮೂರ್ತಿ ಹೆಮ್ಮೆಯಿಂದ ಅವಳನ್ನೇ ನೋಡುತ್ತಾ ನಿಂತ.

"ನೋಡಿದ್ದು ಸಾಕು. ಅಪ್ಪಂಗೆ ಕೂರಾಕೆ ಜಾಗ ಆಯ್ತು. ಈಗ ನಾ ಎಲ್ಲಿ ಕೂತ್ಕಂಡು ಒಗೀಲಿ?" ಎಂದು ಅವಳು ಗಂಟನ್ನು ಅವನ ಕೈಗಿಟ್ಟು ಮನೆಯತ್ತ ಹೊರಟಳು.

ಎಂಜಿನಿಯರ್ ಸಾಹೇಬರು ಪ್ಯಾಂಟು ಮಡಚಿ, ದಡದ ಬಂಡೆಯೊಂದರ ಪಕ್ಕ ಕುಕ್ಕರಗಾಲಲ್ಲಿ ಕೂತು ಒಗೆಯತೊಡಗಿದರು. ಎರಡು ಸೀರೆ ಮುಗಿದಿರಲಿಲ್ಲ, ಛತ್ರಿಯ ನೆರಳಿನಿಂದ ಮಹಾರಾಜರ ಅಪ್ಪಣೆ ಬಂತು:

"ಅಳಿಮಯ್ಯಾ, ಸೋಪಿನ ನೊರೆ ಈ ಕಡೀಕೆ ಬಿಡ್ಬ್ಯಾಡ ಕಣಪ್ಪಾ! ಮೀನು ಓಡೋಯ್ತವೆ!"