ಮಾಪಿನ ಮಾಪನ

ಮಾರುಕಟ್ಟೆ ಎಂದರೆ ನನ್ನ ಹೆಂಡತಿಗೆ ತರಕಾರಿಯದ್ದು ಮಾತ್ರ ಗೊತ್ತು ಎಂದು ಇಪ್ಪತ್ತೆರಡು ವರ್ಷ ನಂಬಿಕೊಂಡು ಬಂದವನು ನಾನು. (ಆ ನಂಬಿಕೆ ಕಳೆದ ಭಾನುವಾರ ಬೆಳಿಗ್ಗೆ ತೀರಿಕೊಂಡಿತು.)

ಅದಕ್ಕೂ ಮೊದಲು ತೀರಿಕೊಂಡದ್ದು ನಮ್ಮ ವಾಷಿಂಗ್ ಮೆಷಿನ್. ಹೊಸದಕ್ಕೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು. ಬಟ್ಟೆಯ ರಾಶಿ ಹೆಂಡತಿಯ ಕೈಯಲ್ಲಿತ್ತು. ಅಂಥ ಹೊತ್ತಿನಲ್ಲಿ, ಆಫೀಸಿನಲ್ಲಿ ನಾವೆಲ್ಲ ‘ಷೇರುಶಾಸ್ತ್ರಿ’ ಎಂದು ಕರೆಯುವ ಗುಮಾಸ್ತ ನನ್ನ ಕಿವಿ ಕಚ್ಚಿದ.

“ಸಾರ್, ನೆಲ ಒರೆಸಿ ತಾನೇ ಹಿಂಡ್ಕೊಳ್ಳೋ ಮಾಪ್ ಮಾಡೋ ಹೊಸ ಕಂಪನಿ. ಆರೇ ತಿಂಗಳಲ್ಲಿ ಆದಾಯ ಮೂರು ಪಟ್ಟು! ಎಷ್ಟು ಮನೆ ಹೊಕ್ಕಿದೆ ಅಂತ ನೋಡ್ಕೊಂಡು ದುಡ್ಡು ಹಾಕಿ.”

“ಎಲ್ಲಾ ಮನೆ ಹೊಕ್ಕಿದ್ರೆ ಒಳ್ಳೇದಲ್ವಾ?”

“ಅಯ್ಯೋ, ಆಮೇಲೆ ಯಾರಿಗೆ ಮಾರ್ತಾರೆ?”

“ಹಾಗಾದ್ರೆ ಯಾವ ಮನೇನೂ ಹೊಕ್ಕಿರಬಾರ್ದು?”

“ಹೊಕ್ಕಿಲ್ಲ ಅಂದ್ರೆ ಯಾರಿಗೂ ಬೇಡ ಅಂತ ತಾನೇ!”

ನನ್ನ ತಲೆ ಗಿರ್ರೆಂದಿತು. ಕೊನೆಗೆ ಅವನೇ ಕರುಣೆ ತೋರಿದ: “ಕೆಲವು ಮನೇಲಿ ಇರಬೇಕು ಸಾರ್. ದಿನಾ ಜಾಸ್ತಿ ಆಗ್ತಾ ಹೋಗ್ಬೇಕು.”

ನಮ್ಮದು ನೆಲಮಹಡಿ. ಮೇಲೆ ಐದು ಮಹಡಿ, ಮಹಡಿಗೆ ನಾಲ್ಕು ಮನೆ. ಸೋಮವಾರದಿಂದ ನನ್ನ ಐತಿಹಾಸಿಕ ಸಮೀಕ್ಷೆ ಆರಂಭವಾಯಿತು. ದಿನಕ್ಕೊಂದೇ ಮಹಡಿ, ಲಿಫ್ಟಿನಲ್ಲಿ ಏರುವುದು, ಬಾಗಿಲುಗಳ ಮುಂದೆ ಇಣುಕುವುದು, ಲಿಫ್ಟಿನಲ್ಲೇ ಇಳಿಯುವುದು. (ಸಂಶೋಧನೆ ಎಷ್ಟೇ ಗಹನವಾದರೂ ಮೊಣಕಾಲು ನಮ್ಮದೇ.)

ಸೋಮವಾರ ಒಂದನೇ ಮಹಡಿಯ ಒಂದು ಬಾಗಿಲ ಹೊರಗೆ ಕೆಂಪು ಹಿಡಿಯ ಮಾಪ್ ಒಣಗುತ್ತಿತ್ತು. ಅದೇ ಕಂಪನಿಯದು! ಮಂಗಳವಾರ ಎರಡನೇ ಮಹಡಿಯಲ್ಲಿ ಒಂದು. ಬುಧವಾರ ಮೂರನೆಯದರಲ್ಲಿ ಒಂದು. ಶುಕ್ರವಾರದ ಹೊತ್ತಿಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಐದು ಮಾಪ್‌ಗಳು ಮೆಟ್ಟಿಲಿನ ಹಾಗೆ ಏರಿ ನಿಂತಿದ್ದವು. ನಾಲ್ಕರಲ್ಲೊಂದು ಮನೆ, ದಿನಕ್ಕೊಂದು ಏರಿಕೆ! ವಾಷಿಂಗ್ ಮೆಷಿನ್ನಿನ ಹಣವನ್ನು ಪೂರ್ತಿ ಷೇರಿಗೆ ಸುರಿದೆ.

ಭಾನುವಾರ ಬಚ್ಚಲ ಬಾಗಿಲಲ್ಲಿ ನಿಂತು, ಒಳಗೆ ಕುಳಿತು ಬಟ್ಟೆ ಕುಕ್ಕುತ್ತಿದ್ದ ಹೆಂಡತಿಗೆ ಶುಭವಾರ್ತೆ ಹೇಳಿದೆ. “ಒಂದಲ್ಲ ಕಣೇ, ಎರಡು ಮೆಷಿನ್ ತರೋಣ!”

ಅವಳು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಮೊಳಗಿತು. ಅವಳೇ ಎದ್ದು ಹೋಗಿ ಬಾಗಿಲು ತೆರೆದಳು. ಐದನೇ ಮಹಡಿಯ ಅಜ್ಜಿ. ಕೈಯಲ್ಲಿ ಕೆಂಪು ಹಿಡಿಯ ಮಾಪ್.

“ತಗೋ ತಾಯಿ, ನಿನ್ನ ಸಾಮಾನು. ಇದು ತಾನೂ ಹಿಂಡ್ಕೊಳಲ್ಲ, ನಮಗೂ ಹಿಂಡೋಕೆ ಬಿಡಲ್ಲ.”

“ನಿಮ್ಮನೇವರೆಗೂ ಬಂತಾ ಅಜ್ಜಿ!” ಎಂದು ಹೆಂಡತಿ ನಕ್ಕಳು. “ನಾನು ಕೊಟ್ಟಿದ್ದು ಒಂದನೇ ಮಹಡಿಯವಳಿಗೆ.”

“ಅವಳು ಎರಡಕ್ಕೆ ಕೊಟ್ಲಂತೆ, ಎರಡು ಮೂರಕ್ಕೆ. ದಿನಕ್ಕೊಬ್ಬರು ನೋಡಿ ಮೇಲಕ್ಕೆ ದಾಟಿಸಿದ್ರು. ನನ್ನ ಮೇಲೆ ಯಾರಿದ್ದಾರೆ ದಾಟಿಸೋಕೆ? ವಾಪಸ್ ತಂದೆ.”

ಅಜ್ಜಿ ಲಿಫ್ಟು ಹತ್ತಿದರು. ನಾನು ಪುಸ್ತಕ ತೆರೆದೆ. ಐದರಲ್ಲಿ ನಾಲ್ಕನ್ನು ಹೊಡೆದುಹಾಕಬೇಕಿತ್ತು. ಯಾವ ನಾಲ್ಕು ಎಂದು ಮಾತ್ರ ತಿಳಿಯಲಿಲ್ಲ.

“ಇದು ನಮ್ಮನೇದು ಅಂತ ನಂಗೆ ಹೇಳೋದಲ್ವೇನೇ?”

“ಈ ಮನೇಲಿ ಮಾಪ್ ಎಲ್ಲಿರುತ್ತೆ ಅಂತ ನೀವು ಯಾವತ್ತು ನೋಡಿದೀರಿ?”

“ಆದ್ರೆ ಆದಾಯ ಮೂರು ಪಟ್ಟು...”

“ನನ್ನಂಥೋರು ಒಂದ್ಸಲ ಮೋಸ ಹೋಗಿ ತಗೊಂಡಿದ್ದು ರೀ ಅದು. ಎರಡನೇ ಸಲ ಯಾರಾದ್ರೂ ತಗೊಂಡ್ರಾ ಅಂತ ಕೇಳಿದ್ರಾ?”

ಷೇರುಶಾಸ್ತ್ರಿ ಇದನ್ನು ಹೇಳಿರಲಿಲ್ಲ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತಳು. ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇತ್ತು.

ನಾನು ಕೊನೆಯ ಆಸೆಯಿಂದ ಕೇಳಿದೆ: “ಹೋಗ್ಲಿ, ಈ ಷೇರು ಯಾವಾಗ ಬೆಳೆಯುತ್ತೆ ಅಂತೀಯ?”

“ಷೇರಿನ ವಿಷಯ ನಂಗೊತ್ತಿಲ್ಲ. ಬಟ್ಟೆ ರಾಶಿ ಬೆಳೀತಾ ಇದೆ, ಹೋಗಿ ಒಗೀರಿ.”