ಭಂಗಿ ವ್ಯಸನಿಯನ್ನು ಗುರುತಿಸಿ ಹಾಸಿಗೆ ಮಂಜೂರು ಮಾಡುವ ಬಗ್ಗೆ

ವ್ಯಸನ ವ್ಯಾಖ್ಯಾನ ಶಾಖೆ, ಚನ್ನರಾಯಪಟ್ಟಣ
ಸಂಖ್ಯೆ: ವ್ಯವ್ಯಾ/ಚಪ/17/1998-99
ದಿನಾಂಕ: 14-12-1998

ವಿಷಯ: ಗಾಂಜಾ, ರೂಢಿಯಲ್ಲಿ ಭಂಗಿ ಸೊಪ್ಪು, ಸೇದುವುದು ಎಲ್ಲಿಯವರೆಗೆ ಅಭ್ಯಾಸ, ಎಲ್ಲಿಂದ ವ್ಯಸನ ಎಂಬ ಬಗ್ಗೆ ಸ್ಪಷ್ಟೀಕರಣ.

ಉಲ್ಲೇಖ: ಪತಿ ಬಸವೇಶ ಅವರನ್ನು ವ್ಯಸನಮುಕ್ತಿ ಶಿಬಿರಕ್ಕೆ ಸೇರಿಸಿಕೊಳ್ಳುವಂತೆ ಕೋರಿ ದಂಡಿಗನಹಳ್ಳಿಯ ಶ್ರೀಮತಿ ಪ್ರೇಮಕುಮಾರಿ ಸಲ್ಲಿಸಿದ ಏಳನೇ ಮನವಿ.

1. ವರ್ಷಕ್ಕೊಮ್ಮೆ ಸೇದುವವರನ್ನು ಕುತೂಹಲಿಗಳೆಂದೂ, ವಾರಕ್ಕೊಮ್ಮೆ ಭಜನೆಯ ನಂತರ ಸೇದುವವರನ್ನು ಭಕ್ತರೆಂದೂ, ದಿನವೂ ತಪ್ಪದೆ ಸೇದುವವರನ್ನು ಶಿಸ್ತಿನ ಮನುಷ್ಯರೆಂದೂ ಈವರೆಗೆ ಪರಿಗಣಿಸಲಾಗಿತ್ತು. ಸೇದಿ ತೆಂಗಿನಮರ ಹತ್ತಿದವರನ್ನು ಇಳಿದ ನಂತರವೇ ವರ್ಗೀಕರಿಸತಕ್ಕದ್ದು.

2. ಇನ್ನು ಮುಂದೆ ಪ್ರಮಾಣವನ್ನು ಅಳೆಯತಕ್ಕದ್ದಲ್ಲ. ದಿನವೆಲ್ಲ ಅದರದೇ ಯೋಚನೆ, ನಿದ್ರೆ ಕೆಡುವುದು, ಸುಳ್ಳು ಹೇಳುವುದು, ಇಷ್ಟದ ಕೆಲಸ ಕೈಬಿಡುವುದು, ಬಿಡಲು ಯತ್ನಿಸಿ ಸೋಲುವುದು, ಈ ಐದರಲ್ಲಿ ಮೂರಿದ್ದರೆ ವ್ಯಸನವೆಂದು ತೀರ್ಮಾನಿಸತಕ್ಕದ್ದು.

3. ಈ ಕುರಿತ ಪ್ರಶ್ನಾವಳಿಯನ್ನು ಬಸವೇಶ ಅವರಿಗೆ ಕಳುಹಿಸಲಾಗಿ, "ಅರ್ಜಿ ಗಿರ್ಜಿ ಎಲ್ಲಾ ಬರ್ಯೋಳು ನೀನೇ ಅಲ್ವೇನೇ, ಇದ್ನೂ ತುಂಬ್ಕೊಂಡೋಗು" ಎಂದು ಪತ್ನಿಯ ಕೈಗೆ ಕೊಟ್ಟಿರುವುದು ತಿಳಿದುಬಂದಿದೆ. ತುಂಬುವವರು ತಮ್ಮ ವಿಚಾರ ಮಾತ್ರ ಬರೆಯಬೇಕೆಂಬ ನಿಯಮವಿದ್ದುದರಿಂದ ಆಕೆ ತಮ್ಮದನ್ನೇ ಬರೆದಿರುತ್ತಾರೆ.

4. ಬರೆದುದನ್ನು ನಂಬದೆ ಬಾಯಿಮಾತಿನಲ್ಲೂ ಕೇಳಲಾಗಿದೆ. ಉತ್ತರಗಳು ಯಥಾವತ್ತು:
ಯೋಚನೆ: "ಎದ್ದಾಗಿಂದ ಅದೇ ಸಾ. ಎಲ್ಲಿ ಬಚ್ಚಿಟ್ಟವ್ರೆ, ಎಷ್ಟೈತೆ."
ನಿದ್ರೆ: "ಅವ್ರು ಗೊರ್ಕೆ ಒಡೀತಾರೆ. ನಂಗೆ ಅಂಗೇ ಬೆಳಗಾಯ್ತದೆ."
ಸುಳ್ಳು: "ನೆಂಟ್ರು ಬಂದ್ರೆ ಅವ್ರಿಗೆ ಜ್ವರ ಅಂತೀನಿ. ಅದ್ನಾರು ವರ್ಸದ್ ಜ್ವರ."
ಇಷ್ಟದ ಕೆಲಸ: "ಆರ್ಮೋನಿಯಂ ಕಲೀತಿದ್ದೆ. ಈಗ ಆ ಪೆಟ್ಗೇಲಿ ಚಿಲುಮೆ ಐತೆ."
ಬಿಡುವ ಯತ್ನ: "ತವರಿಗೆ ಒಂಟು ಬಸ್ಸಲ್ಲಿ ಇರೀಸಾವೆ ಗಂಟ ಓದೆ. ಅಲ್ಲೇ ಇಳ್ದು ವಾಪಸ್ ಬಂದೆ."

5. ಐದಕ್ಕೆ ಐದು. ಶಾಖೆಯ ಇತಿಹಾಸದಲ್ಲಿ ಇದು ಪ್ರಥಮ. ಸೊಪ್ಪನ್ನು ಮುಟ್ಟಿಯೂ ನೋಡದ ಪ್ರೇಮಕುಮಾರಿಯವರನ್ನು ಪೂರ್ಣ ವ್ಯಸನಿಯೆಂದು ಘೋಷಿಸಿ ಹತ್ತು ದಿನಗಳಿಗೆ ಶಿಬಿರದ ಮೂರನೇ ಹಾಸಿಗೆಯನ್ನು ಮಂಜೂರು ಮಾಡಲಾಗಿದೆ. ಶಿಬಿರದಲ್ಲಿ ಆಕೆ ಅಡುಗೆ ಮಾಡುವುದು, ಇನ್ನೊಬ್ಬರಿಗೆ ಬಡಿಸುವುದು ಹಾಗೂ ಬಾಗಿಲ ಕಡೆಗೇ ಕಿವಿ ಇಟ್ಟು ಕೂರುವುದನ್ನು ನಿಷೇಧಿಸಲಾಗಿದೆ.

6. ನಾಲ್ಕನೇ ದಿನ ಬಸವೇಶ ಅವರು ಗೇಟಿಗೆ ಬಂದು, "ಅವ್ಳಿಲ್ದೆ ಸೇದಿದ್ರೂ ಏರಾಕಿಲ್ಲ ಸಾ. ಬಯ್ಯೋರೇ ಇಲ್ವಲ್ಲ! ನನ್ನೂ ಸೇರ್ಸ್ಕಳಿ" ಎಂದು ಹೇಳಿಕೆ ನೀಡಿರುತ್ತಾರೆ. ಪ್ರಶ್ನಾವಳಿಯನ್ನು ಸ್ವಂತ ಕೈಯಲ್ಲಿ ತುಂಬಿದರೆ ಸೇರಿಸಿಕೊಳ್ಳಲಾಗುವುದೆಂದು ಅವರಿಗೆ ಸೂಚಿಸಲಾಗಿದೆ. ಸದ್ಯ ಅವರು ಇಷ್ಟದ ಕೆಲಸ ಯಾವುದಿತ್ತೆಂಬ ಪ್ರಶ್ನೆಯನ್ನು ತಲುಪಿ, ಗೇಟಿನ ಬಳಿ ಕುಳಿತು ಅಳುತ್ತಿರುವುದನ್ನು ಗಮನಿಸಲಾಗಿದೆ. ಅಳುವಿಗೆ ಅಂಕವಿರುವುದಿಲ್ಲ.

ಸಹಿ/-
ಗಂಗಾಂಬಿಕೆ
ಪ್ರಭಾರ ವ್ಯಾಖ್ಯಾನಾಧಿಕಾರಿ

ಪ್ರತಿಗಳು:
1. ಬೈರಯ್ಯ, ಶಿಬಿರದ ಅಡುಗೆಯವರು: ಮೂರನೇ ಹಾಸಿಗೆಗೆ ಇನ್ನೊಂದು ಮುದ್ದೆ ಸೇರಿಸುವ ಸಲುವಾಗಿ.
2. ಬಸವೇಶ, ಗೇಟು: ಇನ್ನೊಂದು ಪೆನ್ಸಿಲಿನೊಂದಿಗೆ.
3. ಶ್ರೀಮತಿ ಪ್ರೇಮಕುಮಾರಿ: ತಾವಾಗಿಯೇ ಎಚ್ಚರಗೊಂಡ ನಂತರ ತಲುಪಿಸತಕ್ಕದ್ದು. ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ.