ಮೊಂಡುಮೂತಿಯ ಗುಂಡು

ಡೆಲ್ಬರ್ಟ್ ಸ್ಟಾಂಪರ್ ಮಾಡಿದ ತಪ್ಪು ಇಷ್ಟೇ: ಜಿಂಕೆ ಮಾಂಸದ ಸಾಸೇಜನ್ನು ಹೊಗಳಿದ್ದು. ಚರ್ಚಿನ ಊಟದಲ್ಲಿ ಪಕ್ಕ ಕೂತವನು, "ಹೌದು, ರುಚಿಯಾಗಿದೆ! ಎಲ್ಲಿಯದು?" ಎಂದ. "ನನ್ನ ಭಾವಮೈದುನ ಗಾರ್ಲಂಡ್ ಹೋದ ವಾರ ಹೊಡೆದದ್ದು" ಎಂದು ಇವನು ಹೆಮ್ಮೆಯಿಂದ ಹೇಳಿಬಿಟ್ಟ. ಹೋದ ವಾರ ಕಾನೂನು ಒಪ್ಪುವ ಬೇಟೆಯ ಕಾಲವಾಗಿರಲಿಲ್ಲ. ಪಕ್ಕ ಕೂತವನು ಬೇಟೆ ಇಲಾಖೆಗೆ ಹೊಸದಾಗಿ ಬಂದ ಅಧಿಕಾರಿಯಾಗಿದ್ದ.

ಗಾರ್ಲಂಡನ ಬಂದೂಕು ಹೋಯಿತು, ಪರವಾನಗಿ ಹೋಯಿತು. ಅವನು ಕೂಗಾಡಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಡೆಲ್ಬರ್ಟನ ಹೆಗಲ ಮೇಲೆ ಕೈಹಾಕಿ, ನಗುನಗುತ್ತಲೇ ಕಿವಿಯಲ್ಲಿ, "ಒಂದಿನ ಬರ್ತೀನಿ ಭಾವ, ನೀನೊಬ್ಬನೇ ಇದ್ದಾಗ. ಅಡ್ಡ ಬರೋಕೆ ಈಗ ಅಕ್ಕಾನೂ ಇಲ್ಲ" ಎಂದ. ದೂರದಿಂದ ನೋಡಿದವರಿಗೆ, ಹೆಂಡತಿ ಸತ್ತವನಿಗೆ ಸಮಾಧಾನ ಹೇಳಿದ ಹಾಗೇ ಕಂಡಿತು.

ಕೆಂಟಕಿಯ ಆ ಗುಡ್ಡಗಾಡಿನ ಊರಿಗೆ ಗಾರ್ಲಂಡ್ ಎಂದರೆ ಪ್ರಾಣ. ಬೆಂಕಿ ಆರಿಸುವ ತಂಡಕ್ಕೆ ಅವನೇ ಮುಂದಾಳು. ಬೆಕ್ಕು ಮರ ಹತ್ತಿ ಕೂತರೂ ಕರೆ ಹೋಗುತ್ತಿದ್ದುದು ಅವನಿಗೇ. ಅವನ ಇನ್ನೊಂದು ಮುಖ ಗೊತ್ತಿದ್ದವಳು ಅಕ್ಕ ಮಾತ್ರ. ತಮ್ಮ ಬರುತ್ತಾನೆಂದರೆ ಆಕೆ ಅಡುಗೆಮನೆಯ ಚಾಕುಗಳನ್ನೆಲ್ಲ ಎತ್ತಿಡುತ್ತಿದ್ದಳು.

ಡೆಲ್ಬರ್ಟ್ ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. ಬೆರಳುಗಳು ಹುರುಳಿಕಾಯಿಯ ಹಾಗೆ ಸಪೂರ. ಹೆಂಡತಿಯ ಗಿಡ್ಡ ರಿವಾಲ್ವರನ್ನು ಕಾಗದದ ಚೀಲದಲ್ಲಿ ಸುತ್ತಿಕೊಂಡು ಮರುದಿನ ಬೆಳಿಗ್ಗೆಯೇ ವರ್ನಾ ನೇಪಿಯರಳ ಬಂದೂಕಿನ ಅಂಗಡಿಗೆ ಹೋದ.

"ಇದಕ್ಕೆ ಗುಂಡು ಬೇಕಿತ್ತು. ಒಳ್ಳೇದು."

ಒಲೆಯ ಪಕ್ಕ ಕಾಫಿ ಹೀರುತ್ತಿದ್ದ ಮುದುಕ ಹೋಬರ್ಟ್ ಯಾರೂ ಕೇಳದಿದ್ದರೂ ಎದ್ದು ಬಂದ. "ತುದಿಯಲ್ಲಿ ಕುಳಿ ಇರೋದನ್ನ ತಗೊಳ್ಳೋ. ಒಳಗೆ ಹೋಗಿ ಹೂವಿನ ಥರ ಅರಳುತ್ತೆ."

"ಅರಳೋದು ಉದ್ದ ನಳಿಗೆಯಿಂದ ಹಾರಿದಾಗ," ಎಂದಳು ವರ್ನಾ. "ಎರಡಿಂಚಿನ ಈ ನಳಿಗೇಲಿ ಗುಂಡಿಗೆ ವೇಗ ಎಲ್ಲಿ ಬರುತ್ತೆ? ಕುಳಿಗೆ ಅಂಗಿಯ ಬಟ್ಟೆ ತುಂಬಿಕೊಂಡು ಹಾಗೇ ಮುಂದೆ ಹೋಗುತ್ತೆ."

"ಹಾಗಾದ್ರೆ ಮದ್ದು ಜಾಸ್ತಿ ಇರೋದು ಕೊಡು!"

"ಅದರ ಒದೆತಕ್ಕೆ ಇವರ ಮಣಿಕಟ್ಟು ಉಳಿಯುತ್ತಾ? ಎರಡನೇ ಗುಂಡು ಚಾವಣಿಗೆ ಹೋಗುತ್ತೆ. ಮೊಂಡುಮೂತಿಯದೇ ಸರಿ. ಒದೆತ ಕಮ್ಮಿ, ಅರಳೋ ಹಂಗೇ ಇಲ್ಲ. ನೇರ ತೂತು."

ಡೆಲ್ಬರ್ಟ್ ಅದಕ್ಕೇ ತಲೆಯಾಡಿಸಿದ. ವರ್ನಾ ಪೆಟ್ಟಿಗೆ ಕಟ್ಟುತ್ತ, "ಅಭ್ಯಾಸಕ್ಕೆ ಅಂತ ಇನ್ನೊಂದು ಕೊಡಲಾ?" ಎಂದಳು.

"ಅಭ್ಯಾಸ ಯಾಕಮ್ಮ? ಒಂದು ಸಲದ ಕೆಲಸ. ಅದೂ ತೀರಾ ಹತ್ತಿರದಿಂದ."

ಹೋಬರ್ಟನ ಕಾಫಿ ಲೋಟ ತುಟಿಯ ಬಳಿಯೇ ನಿಂತಿತು. "ಯಾವನಿಗೋ ಹೆದರಿದೀಯಾ? ಕಳ್ಳರೇ?"

ಗಾರ್ಲಂಡನ ಹೆಸರು ಹೇಳಲು ಬಾಯಿ ಬರಲಿಲ್ಲ. "ಹೊರಗಿನೋರು ಯಾರೂ ಅಲ್ಲ," ಎಂದ ಡೆಲ್ಬರ್ಟ್. "ಮನೆಯವರೇ."

ಹಾಗೆಂದು ಪೆಟ್ಟಿಗೆಯನ್ನು ಕೋಟಿನ ಜೇಬಿಗಿಳಿಸಿ ಹೊರಟುಹೋದ. ಅವನ ಮನೆಯಲ್ಲಿ ಇದ್ದದ್ದು ಅವನೊಬ್ಬನೇ ಎಂಬುದು ಅಂಗಡಿಯಲ್ಲಿದ್ದ ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಮಧ್ಯಾಹ್ನ ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ಐದನೆಯ ಗುಂಡು ತುಂಬುತ್ತಿದ್ದಾಗ ಬಾಗಿಲು ಧಡಾರನೆ ತೆರೆಯಿತು. ಮುಂದೆ ವರ್ನಾ, ಹಿಂದೆ ಹೋಬರ್ಟ್, ಅವನ ಹಿಂದೆ ಬಿಸಿ ಕೋಳಿ ಅಡುಗೆಯ ಕ್ಯಾಸರೋಲ್ ಪಾತ್ರೆ ಹಿಡಿದ ಪಾದ್ರಿಯ ಹೆಂಡತಿ ಓಪಲ್. ಸತ್ತವರ ಮನೆಗೆ ಒಯ್ಯುವ ಊಟವನ್ನು ಆಕೆ ಈ ಸಲ ಸಾವಿಗೆ ಮೊದಲೇ ತಂದಿದ್ದಳು.

"ಬೇಡಪ್ಪಾ, ಬೇಡ!" ಎನ್ನುತ್ತ ಹೋಬರ್ಟ್ ರಿವಾಲ್ವರನ್ನು ಕಿತ್ತುಕೊಂಡು ಗುಂಡುಗಳನ್ನು ಅಂಗೈಗೆ ಸುರಿದುಕೊಂಡ. ಓಪಲ್ ಡೆಲ್ಬರ್ಟನ ತಲೆಯನ್ನು ಎದೆಗೊತ್ತಿಕೊಂಡು, "ನಿನ್ನ ಹೆಂಡ್ತಿ ನಿನ್ನನ್ನ ಇಷ್ಟು ಬೇಗ ಕರೀತಿಲ್ಲ ಕಣೋ" ಎಂದು ಅಳತೊಡಗಿದಳು.

ಅವಳ ಶಾಲಿನೊಳಗಿಂದ ಡೆಲ್ಬರ್ಟ್ ಉಸಿರುಗಟ್ಟಿ ಕೂಗಿದ: "ನಾನು ಸಾಯೋಕಲ್ಲ ತಂದಿದ್ದು! ನನ್ನ ಕೊಲ್ಲೋಕೆ ಬರ್ತಾನೆ!"

"ಯಾರು?"

ಈಗ ಹೇಳದೆ ಗತಿಯಿರಲಿಲ್ಲ. "ಗಾರ್ಲಂಡ್!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಬರ್ಟ್ ಟೋಪಿ ತೆಗೆದ. "ಅಯ್ಯೋ ಪಾಪ," ಎಂದಳು ವರ್ನಾ ಮೆಲ್ಲಗೆ, "ತಲೆ ಇಷ್ಟು ಕೆಟ್ಟುಹೋಗಿದೆ ಅಂತ ಗೊತ್ತಿರಲಿಲ್ಲ."

"ಪೆಟ್ರೋಲ್ ಬಂಕಲ್ಲಿ ಅವನೇ ಹೇಳಿದ! ಕಿವೀಲಿ ಹೇಳಿದ!"

"ನಾನೂ ಅಲ್ಲೇ ಇದ್ದೆ ಕಣಯ್ಯಾ. ನಿನ್ನ ಹೆಗಲ ಮೇಲೆ ಕೈಹಾಕಿ ಎಷ್ಟು ಪ್ರೀತಿಯಿಂದ ಮಾತಾಡ್ತಿದ್ದ!" ಎಂದ ಹೋಬರ್ಟ್.

ಓಪಲ್ ಕಣ್ಣೊರೆಸಿಕೊಂಡಳು. "ನಿನ್ನನ್ನ ಒಬ್ಬನೇ ಬಿಡಬಾರದು ಅಂತ ತೀರ್ಮಾನ ಮಾಡಿದೀವಿ. ಬಂದೂಕೂ ಈ ಮನೇಲಿ ನಿನ್ನ ಕೈಗೆ ಸಿಗೋ ಹಾಗಿರಬಾರದು. ನಿನಗೆ ಅಂತ ಉಳಿದಿರೋ ನೆಂಟ ಒಬ್ಬನೇ ತಾನೆ? ಫೋನಲ್ಲಿ ವಿಷಯ ಹೇಳಿದ್ದೇ ತಡ, ಮಗು ಥರ ಅತ್ತುಬಿಟ್ಟ. ಒಂದು ವಾರ ಇಲ್ಲೇ ಇರ್ತಾನಂತೆ."

ಅಂಗಳದಲ್ಲಿ ಟ್ರಕ್ಕು ನಿಂತ ಸದ್ದಾಯಿತು. ಡೆಲ್ಬರ್ಟ್ ಹಿತ್ತಿಲ ಬಾಗಿಲಿಗೆ ಓಡಿದ. ಹೋಬರ್ಟ್ ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದ.

ಒಳಗೆ ಬಂದ ಗಾರ್ಲಂಡನ ಕಣ್ಣುಗಳು ನಿಜವಾಗಿಯೂ ಕೆಂಪಾಗಿದ್ದವು. ಎಲ್ಲರ ಕೈ ಹಿಡಿದು ಕೃತಜ್ಞತೆ ಹೇಳಿದ. ವರ್ನಾ ರಿವಾಲ್ವರನ್ನೂ ಗುಂಡಿನ ಪೆಟ್ಟಿಗೆಯನ್ನೂ ಅವನ ಕೈಗಿಟ್ಟು, "ಏನೇನೋ ಬಡಬಡಿಸ್ತಾರೆ, ಮನಸ್ಸಿಗೆ ಹಚ್ಚಿಕೋಬೇಡ. ಕೂಗಿಕೊಂಡ್ರೂ ನಾವು ತಪ್ಪು ತಿಳ್ಕೊಳಲ್ಲ" ಎಂದಳು.

ಮೂವರೂ ಹೋದರು. ಗಾರ್ಲಂಡ್ ಬಾಗಿಲಿನ ಚಿಲಕ ಹಾಕಿ, ಪೆಟ್ಟಿಗೆಯಿಂದ ಒಂದು ಗುಂಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದ.

"ಮೊಂಡುಮೂತಿಯದು! ಯಾರು ಆರಿಸಿದ್ದು ಭಾವ?"

"ವರ್ನಾ," ಎಂದ ಡೆಲ್ಬರ್ಟ್.

"ಬುದ್ಧಿವಂತೆ. ಇಷ್ಟು ಗಿಡ್ಡ ನಳಿಗೆಗೆ ಇದಕ್ಕಿಂತ ಒಳ್ಳೇದಿಲ್ಲ."

ಗಾರ್ಲಂಡ್ ಕಪಾಟಿನಿಂದ ಎರಡು ತಟ್ಟೆ ತೆಗೆದು, ಕ್ಯಾಸರೋಲಿನ ಮುಚ್ಚಳ ಸರಿಸಿ, ಭಾವನಿಗೆ ಮೊದಲು ಬಡಿಸಿದ.